ನಾಲ್ಕು ದಪ್ಪ ತಂತಿಗಳ ಕಥೆ

ನಮ್ಮ ಕಡೆ ಬೇಸ್ ಅಂದ್ರೆ ವಾದ್ಯ ಅಲ್ಲ, ತಿರುಗಿಸೋ ಒಂದು ಗುಂಡಿ. ಟೇಪ್ ರೆಕಾರ್ಡರಿನ ಮುಂದೆ ಬೇಸ್, ಟ್ರೆಬಲ್ ಅಂತ ಎರಡು ಗುಂಡಿ ಇರುತ್ತಿದ್ದವು. ಬೇಸ್ ಬಲಕ್ಕೆ ತಿರುಗಿಸಿದರೆ ದುಮ್ ದುಮ್ ಜಾಸ್ತಿ. ಖಾಸಗಿ ಬಸ್ಸಿನ ಡ್ರೈವರುಗಳು, ಆಟೋದವರು, ಗಣಪತಿ ಕೂರಿಸೋ ಹುಡುಗರು, ಎಲ್ಲರಿಗೂ ಆ ಗುಂಡಿ ಅಂದ್ರೆ ಪ್ರೀತಿ. ಆದರೆ ಆ ಗುಂಡಿ ಏರಿಸುತ್ತಿದ್ದ ಸದ್ದನ್ನು ಯಾರೋ ಒಬ್ಬರು ಕೂತು ನುಡಿಸಿರುತ್ತಾರೆ, ಅವರಿಗೊಂದು ಹೆಸರಿರುತ್ತೆ ಅನ್ನೋದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತಮಾಷೆ ಇದೆ. ಮಂದ್ರ ಸ್ವರಕ್ಕೆ ಹೇಳೋ ಬೇಸ್, ಪಾಯಕ್ಕೆ ಹೇಳೋ ಬೇಸ್ ಎರಡನ್ನೂ ನಾವು ಒಂದೇ ಥರ ಬರೀತೀವಿ. ಇಂಗ್ಲಿಷಿನವರಿಗೆ ಇದು ಕಾಗುಣಿತದ ಗೊಂದಲ ಅನ್ನಿಸಬಹುದು. ನನಗಂತೂ ಇದೇ ಸರಿ ಅನ್ನಿಸುತ್ತೆ. ಮನೆ ನೋಡೋಕೆ ಬಂದವರು ಬಾಗಿಲು, ಬಣ್ಣ, ಟೈಲ್ಸ್ ನೋಡಿ ಹೊಗಳ್ತಾರೆ. ಪಾಯ ಚೆನ್ನಾಗಿದೆ ಅಂದವರನ್ನ ನಾನು ಇನ್ನೂ ನೋಡಿಲ್ಲ.

ಬಾಡಿಗೆ ಮನೆಯ ನನ್ನ ಕೋಣೆಯಲ್ಲಿ ಮೂರು ಸಾಮಾನಿವೆ. ನಾಲ್ಕು ದಪ್ಪ ತಂತಿಯ ಒಂದು ಬೇಸ್ ಗಿಟಾರು, ಪಕ್ಕದ ಮನೆಯವರು ಸಹಿಸಿಕೊಳ್ಳುವಷ್ಟು ಸಣ್ಣ ಒಂದು ಆಂಪ್ಲಿಫೈಯರು, ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸೋಕೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಆಡಿಯೋ ಇಂಟರ್‌ಫೇಸು. ಹಗಲು ಸಾಫ್ಟ್‌ವೇರ್ ಬರೆಯೋನು ರಾತ್ರಿ ಇದನ್ನಿಟ್ಟುಕೊಂಡು ಏನು ಮಾಡ್ತಾನೆ ಅಂತ ಊರಲ್ಲಿ ಕೇಳ್ತಾರೆ. ಅದು ಇರ್ಲಿ. ಈ ಮೂರು ಸಾಮಾನು ಒಂದೊಂದೂ ಹೇಗೆ ಹುಟ್ಟಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇಲ್ಲಿದೆ.

ಮೊದಲಿಗೆ ವಾದ್ಯ. ಎಲೆಕ್ಟ್ರಿಕ್ ಬೇಸ್ ಬರೋ ಮುಂಚೆ ಅಮೆರಿಕಾದ ಜಾಜ್ ಮತ್ತು ಡಾನ್ಸ್ ಬ್ಯಾಂಡುಗಳಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಡಬಲ್ ಬೇಸ್. ಆಳೆತ್ತರದ ಪಿಟೀಲು ಅಂದುಕೊಳ್ಳಿ. ನಿಂತುಕೊಂಡು ತಬ್ಬಿ ಹಿಡಿದು ನುಡಿಸಬೇಕು. ಅದರ ತಂತಿ ಮೂರೂವರೆ ಅಡಿ ಉದ್ದ, ಕತ್ತಿನ ಮೇಲೆ ಮೆಟ್ಟಿಲುಗಳಿಲ್ಲ, ಬೆರಳು ಕೂದಲೆಳೆ ಅತ್ತಿತ್ತ ಸರಿದರೂ ಸ್ವರ ತಪ್ಪುತ್ತದೆ. ಊರಿಂದೂರಿಗೆ ತಿರುಗೋ ಬ್ಯಾಂಡಿನವರು ಇದನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗಬೇಕಿತ್ತು. ಇಷ್ಟೆಲ್ಲಾ ಕಷ್ಟಪಟ್ಟು ಒಯ್ದು ನುಡಿಸಿದರೆ, ಡ್ರಮ್ಮು, ಸ್ಯಾಕ್ಸೋಫೋನು, ಕಹಳೆಗಳ ನಡುವೆ ಅದು ಕೇಳಿಸುತ್ತಲೇ ಇರಲಿಲ್ಲ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗನೊಬ್ಬ ಸಿಯಾಟಲ್‌ನ ಪಾಲ್ ಟಟ್ಮಾರ್ಕ್. 1930ರ ದಶಕದಲ್ಲೇ ಆತ ಆಡಿಯೋವಾಕ್ಸ್ 736 ಅನ್ನೋ ಎಲೆಕ್ಟ್ರಿಕ್ ಬೇಸ್ ಮಾಡಿದ. ಗಿಟಾರಿನ ಹಾಗೆ ಅಡ್ಡ ಹಿಡಿದು ನುಡಿಸೋದು, ಗಟ್ಟಿ ಮರದ ಮೈ, ಕತ್ತಿಗೆ ಮೆಟ್ಟಿಲು. ಇವತ್ತಿನ ಬೇಸ್ ಗಿಟಾರಿನ ಎಲ್ಲಾ ಲಕ್ಷಣಗಳೂ ಅದರಲ್ಲಿದ್ದವು. ಆದರೆ ಮಾರಾಟವಾಗಲಿಲ್ಲ, ಕೆಲವೇ ವಾದ್ಯಗಳಾದ ಮೇಲೆ ನಿಂತುಹೋಯಿತು. ನಮ್ಮ ಸಾಫ್ಟ್‌ವೇರ್ ಲೋಕದಲ್ಲೂ ಇದು ಗೊತ್ತಿರೋ ಕಥೆಯೇ. ಮೊದಲು ಮಾಡಿದವನಿಗಿಂತ ಸರಿಯಾದ ಹೊತ್ತಿಗೆ ಮಾಡಿದವನ ಹೆಸರು ಉಳಿಯುತ್ತದೆ.

ಆ ಸರಿಯಾದ ಹೊತ್ತು ಬಂದದ್ದು 1951ರಲ್ಲಿ. ಮಾಡಿದವನು ಕ್ಯಾಲಿಫೋರ್ನಿಯಾದ ಫುಲರ್ಟನ್ ಅನ್ನೋ ಊರಿನ ಲಿಯೋ ಫೆಂಡರ್. ಈತ ಸಂಗೀತಗಾರನಲ್ಲ, ರೇಡಿಯೋ ರಿಪೇರಿಯವನು. ಗಿಟಾರಿನ ಲೋಕವನ್ನೇ ಬದಲಿಸಿದವನಿಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ! ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಒಬ್ಬ ಮೈಕ್‌ಸೆಟ್‌ನವನು ಇರುತ್ತಾನಲ್ಲ, ಮದುವೆಗೆ, ಜಾತ್ರೆಗೆ, ನಾಟಕಕ್ಕೆ ಹಾರ್ನ್ ಕಟ್ಟಿ ಆಂಪ್ಲಿಫೈಯರ್ ಕೊಡೋನು, ಮಿಕ್ಕ ದಿನ ಅಂಗಡಿಯಲ್ಲಿ ಕೂತು ರೇಡಿಯೋ ಬಿಚ್ಚಿ ಬೆಸುಗೆ ಹಾಕೋನು, ಫೆಂಡರ್ ಅದೇ ಜಾತಿಯ ಮನುಷ್ಯ. ಅಂಗಡಿಗೆ ರಿಪೇರಿಗೆ ಬರುತ್ತಿದ್ದ ಸಂಗೀತಗಾರರ ದೂರುಗಳನ್ನು ಕೇಳಿಸಿಕೊಳ್ಳುತ್ತಿದ್ದ. ಏನು ಕೆಡುತ್ತೆ, ಯಾಕೆ ಕೆಡುತ್ತೆ ಅನ್ನೋದು ಅವನಿಗೆ ಗೊತ್ತಿತ್ತು.

ಅವನ ವಾದ್ಯದ ಹೆಸರು ಪ್ರಿಸಿಷನ್ ಬೇಸ್. ಪ್ರಿಸಿಷನ್ ಅಂದ್ರೆ ಕರಾರುವಾಕ್ಕು. ಕತ್ತಿನ ಮೇಲೆ ಮೆಟ್ಟಿಲು ಇರೋದರಿಂದ ಬೆರಳಿಟ್ಟ ಕಡೆ ಸ್ವರ ಕರಾರುವಾಕ್ಕಾಗಿ ಬರುತ್ತೆ ಅನ್ನೋದೇ ಹೆಸರಿನ ಅರ್ಥ. ತಂತಿಯ ಉದ್ದ 34 ಇಂಚು. ಡಬಲ್ ಬೇಸಿಗಿಂತ ಗಿಡ್ಡ, ಗಿಟಾರಿಗಿಂತ ಉದ್ದ. ಇವತ್ತು ಅಂಗಡಿಗೆ ಹೋಗಿ ಯಾವ ಕಂಪನಿಯ ಬೇಸ್ ಎತ್ತಿಕೊಂಡರೂ ಹೆಚ್ಚಿನವುಗಳ ಅಳತೆ ಇದೇ 34 ಇಂಚು. 1957ರಲ್ಲಿ ಫೆಂಡರ್ ಇದರ ಪಿಕಪ್ಪನ್ನು, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸೋ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯನ್ನು, ಎರಡು ತುಂಡು ಮಾಡಿ ಅಕ್ಕಪಕ್ಕ ಸರಿಸಿ ಕೂರಿಸಿದ. ಎರಡು ಸುರುಳಿಗಳೂ ಒಂದಕ್ಕೊಂದು ಎದುರಾಗಿ ಹೊರಗಿನ ವಿದ್ಯುತ್ತಿನ ಗುಂಯ್ ಸದ್ದನ್ನು ಹೊಡೆದುಹಾಕುತ್ತವೆ. ಅಲ್ಲಿಂದ ಇಲ್ಲಿವರೆಗೆ ಆ ವಾದ್ಯದ ರೂಪ ಬಹುತೇಕ ಹಾಗೇ ಇದೆ. ನನ್ನ ಕೆಲಸದಲ್ಲಿ ಮೂರು ವರ್ಷದ ಹಿಂದಿನ ಕೋಡನ್ನು ಹಳೇ ಕಾಲದ್ದು ಅಂತಾರೆ!

ಹೊಸ ವಾದ್ಯವನ್ನು ಎಲ್ಲರೂ ಕೂಡಲೇ ಒಪ್ಪಿಕೊಳ್ಳಲಿಲ್ಲ. ಡಬಲ್ ಬೇಸ್ ಕಲಿಯೋಕೆ ವರ್ಷಗಟ್ಟಲೆ ಬೆರಳು ಸವೆಸಿದವರಿಗೆ ಇದು ಆಟದ ಸಾಮಾನಿನ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. 1950ರ ದಶಕದ ಆರಂಭದಲ್ಲಿ ಲಯನೆಲ್ ಹ್ಯಾಂಪ್ಟನ್ನನ ಬ್ಯಾಂಡಿನಲ್ಲಿ ಮಾಂಕ್ ಮಾಂಟ್‌ಗೊಮೆರಿ ಇದನ್ನು ನುಡಿಸಿದ ಮೇಲೆ ಜಾಜ್‌ನವರ ಕಣ್ಣು ಇದರ ಮೇಲೆ ಬಿತ್ತು. ಹಿಂದಿನ ಬೆಂಚಿನವರಿಗೂ ಬೇಸ್ ಕೇಳಿಸತೊಡಗಿತು.

ಕೇಳಿಸಬೇಕಾದರೆ ಆಂಪ್ಲಿಫೈಯರ್ ಬೇಕಲ್ಲ. ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಮಿಕ್ಕಿ. ಒಂದು ಸ್ವರವನ್ನು ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಸ್ಪೀಕರಿನ ಕಾಗದದ ಶಂಕು ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಓಡಾಡಬೇಕು. ಅಂದರೆ ಬೇಸಿನವನಿಗೆ ದೊಡ್ಡ ಸ್ಪೀಕರ್ ಬೇಕು, ಹೆಚ್ಚು ವಾಟ್ ಬೇಕು, ಗಟ್ಟಿ ಪೆಟ್ಟಿಗೆ ಬೇಕು. ಗಿಟಾರಿನವನು ಒಂದು ಕೈಯಲ್ಲಿ ಆಂಪ್ ಹಿಡಿದು ಮೆಟ್ಟಿಲು ಹತ್ತುವಾಗ ಬೇಸಿನವನು ಇಬ್ಬರನ್ನು ಸಹಾಯಕ್ಕೆ ಕರೆಯೋದು ಸೋಮಾರಿತನದಿಂದಲ್ಲ.

ಫೆಂಡರ್ 1952ರಲ್ಲಿ ಬೇಸಿಗೆಂದೇ ಬೇಸ್‌ಮನ್ ಅನ್ನೋ ಆಂಪ್ ತಂದ. ಮುಂದೆ ಅದಕ್ಕೆ ಹತ್ತಿಂಚಿನ ನಾಲ್ಕು ಸ್ಪೀಕರು, ಹಿಂಬದಿ ತೆರೆದ ಪೆಟ್ಟಿಗೆ ಬಂತು. ಹಿಂಬದಿ ತೆರೆದಿದ್ದರೆ ಸ್ಪೀಕರಿನ ಬೆನ್ನಿನಿಂದ ಹೊರಟ ಅಲೆ ಸುತ್ತಿಕೊಂಡು ಬಂದು ಮುಂದಿನ ಅಲೆಯನ್ನು ನುಂಗುತ್ತದೆ. ಅದರಲ್ಲೂ ಮಂದ್ರ ಸ್ವರಗಳನ್ನೇ ನುಂಗುತ್ತದೆ. ಹಾಗಾಗಿ ಬೇಸಿಗೆ ಮಾಡಿದ ಆಂಪು ಬೇಸಿಗಿಂತ ಗಿಟಾರಿಗೇ ಚೆನ್ನಾಗಿ ಒಪ್ಪಿತು. ಜೋರು ಮಾಡಿದಾಗ ಅದು ಒಡೆದು ಕಿರುಚುವ ಸೊಗಸಿಗೆ ಗಿಟಾರಿನವರು ಮರುಳಾದರು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಅಂಗಡಿಯಲ್ಲಿ ಮೊದಲ ಆಂಪ್ ಮಾಡಿದಾಗ ಇದೇ ಬೇಸ್‌ಮನ್ ಸರ್ಕ್ಯೂಟನ್ನು ಮುಂದಿಟ್ಟುಕೊಂಡ. ರಾಕ್ ಗಿಟಾರಿನ ಅಬ್ಬರಕ್ಕೆ ಮೂಲ ಬೇಸಿನವನಿಗೆಂದು ಮಾಡಿದ ಪೆಟ್ಟಿಗೆ. ಅಲ್ಲೂ ಹೆಸರು ಗಿಟಾರಿನವನಿಗೇ ಹೋಯಿತು ನೋಡಿ.

ಬೇಸಿನವರ ಕಷ್ಟವನ್ನು ನಿಜವಾಗಿ ಅರಿತವನು ಎವರೆಟ್ ಹಲ್. ಈತ ಸ್ವತಃ ಡಬಲ್ ಬೇಸ್ ವಾದಕ. ಡಬಲ್ ಬೇಸಿನ ಕೆಳಗೆ ನೆಲಕ್ಕೂರುವ ಒಂದು ಗೂಟ ಇರುತ್ತದಲ್ಲ, ಆ ಗೂಟದೊಳಗೆ ಮೈಕ್ ಇಟ್ಟು ವಾದ್ಯದ ಹೊಟ್ಟೆಯೊಳಗಿನ ಸದ್ದನ್ನು ಹಿಡಿದ. ಇಂಗ್ಲಿಷಿನಲ್ಲಿ ಗೂಟಕ್ಕೆ ಪೆಗ್. ಆಂಪ್ಲಿಫೈ ಮಾಡಿದ ಪೆಗ್ ಅನ್ನೋದೇ ಆಂಪೆಗ್ ಆಗಿ ಅವನ ಕಂಪನಿಯ ಹೆಸರಾಯಿತು. 1960ರಲ್ಲಿ ಆ ಕಂಪನಿಯ ಜೆಸ್ ಆಲಿವರ್ ಬಿ-15 ಪೋರ್ಟಾಫ್ಲೆಕ್ಸ್ ಅನ್ನೋ ಆಂಪ್ ಮಾಡಿದ. ಹದಿನೈದು ಇಂಚಿನ ಒಂದು ಸ್ಪೀಕರ್, ಸುಮಾರು 25 ವಾಟ್. ನುಡಿಸುವಾಗ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಕೂತಿರುತ್ತೆ. ಮುಗಿದ ಮೇಲೆ ಮುಚ್ಚಳವನ್ನು ಮಗುಚಿದರೆ ಆಂಪ್ಲಿಫೈಯರು ಪೆಟ್ಟಿಗೆಯೊಳಗೇ ಸೇರಿಕೊಳ್ಳುತ್ತೆ. ಕೆಳಗೆ ಚಕ್ರ ಬೇರೆ. ನಮ್ಮ ಹೊಲಿಗೆ ಮಿಷನ್ನಿನ ತಲೆಯನ್ನು ಮಡಚಿ ಮೇಜಿನೊಳಗೆ ಇಳಿಸ್ತೀವಲ್ಲ, ಅದೇ ಉಪಾಯ.

1969ರ ಹೊತ್ತಿಗೆ ಕಛೇರಿಗಳು ಹೋಟೆಲಿನ ಹಾಲು ಬಿಟ್ಟು ಕ್ರೀಡಾಂಗಣಕ್ಕೆ ಹೋಗಿದ್ದವು. 25 ವಾಟ್ ಎಲ್ಲಿಗೆ ಸಾಕು? ಆಂಪೆಗ್ ಆ ವರ್ಷ ಎಸ್‌ವಿಟಿ ಮಾಡಿತು. 300 ವಾಟ್, 14 ವ್ಯಾಕ್ಯೂಮ್ ಟ್ಯೂಬು, ಹತ್ತಿಂಚಿನ ಎಂಟು ಸ್ಪೀಕರಿನ, ಬೀರುವಿನಂಥ ಪೆಟ್ಟಿಗೆ. ರೋಲಿಂಗ್ ಸ್ಟೋನ್ಸ್ ಆ ವರ್ಷದ ಅಮೆರಿಕಾ ಪ್ರವಾಸಕ್ಕೆ ಇದರ ಆರಂಭದ ಮಾದರಿಗಳನ್ನು ಒಯ್ದರು. ಅಲ್ಲಿಗೆ ಬೇಸ್ ಕೇಳಿಸುತ್ತಿಲ್ಲ ಅನ್ನೋ ದೂರು ಮುಗಿಯಿತು. ಬೇಸ್ ಎದೆಗೇ ಗುದ್ದತೊಡಗಿತು.

ಇನ್ನು ರೆಕಾರ್ಡಿಂಗು. ಇದು ಬೇರೆಯದೇ ಸಮಸ್ಯೆ. ಎಲ್‌ಪಿ ತಟ್ಟೆಯ ಮೇಲೆ ಸಂಗೀತ ಅಂದ್ರೆ ಒಂದು ಅಂಕುಡೊಂಕು ಗೀರು. ಸ್ವರ ಕೆಳಗಿಳಿದಷ್ಟೂ ಗೀರಿನ ಓಲಾಟ ಅಗಲ. ಹಾಗೇ ಬಿಟ್ಟರೆ ಒಂದು ಗೀರು ಪಕ್ಕದ ಗೀರಿಗೆ ತಾಗುತ್ತೆ, ಮುಳ್ಳು ಹಾರುತ್ತೆ. ಅದಕ್ಕೇ ತಟ್ಟೆ ಕೆತ್ತುವಾಗ ಬೇಸನ್ನು ಕಡಿಮೆ ಮಾಡಿ ಕೆತ್ತೋದು, ಮನೆಯಲ್ಲಿ ಕೇಳುವಾಗ ಆಂಪ್ಲಿಫೈಯರಿನಲ್ಲಿ ಅಷ್ಟನ್ನೇ ಏರಿಸೋದು ಅನ್ನೋ ಏರ್ಪಾಡು ಬಂತು. 1950ರ ದಶಕದಲ್ಲಿ ಅಮೆರಿಕಾದ ಕಂಪನಿಗಳೆಲ್ಲ ಇದಕ್ಕೆ ಒಂದೇ ಅಳತೆ ಒಪ್ಪಿಕೊಂಡವು. ಈಗ ನಾವು ಫೈಲನ್ನು ಕುಗ್ಗಿಸಿ ಕಳಿಸಿ ಆಕಡೆ ಬಿಡಿಸಿಕೊಳ್ಳೋದಕ್ಕೂ ಇದಕ್ಕೂ ಗುಣದಲ್ಲಿ ನೆಂಟಸ್ತಿಕೆಯಿದೆ. ಎರಡೂ ಕಡೆಯವರು ಒಂದೇ ನಿಯಮಕ್ಕೆ ಒಪ್ಪಿರಬೇಕು, ಅಷ್ಟೇ.

ಆದರೂ ಲಂಡನ್ನಿನ ಇಎಂಐ ಸ್ಟುಡಿಯೋದವರಿಗೆ ಮುಳ್ಳು ಹಾರುವ ಭಯ ಹೋಗಿರಲಿಲ್ಲ. ಅಮೆರಿಕಾದ ತಟ್ಟೆಗಳಲ್ಲಿ ಬೇಸ್ ಅಷ್ಟು ತುಂಬಿಕೊಂಡು ಬರುತ್ತೆ, ನಮ್ಮದರಲ್ಲಿ ಯಾಕಿಲ್ಲ ಅನ್ನೋದು ಬೀಟಲ್ಸ್‌ನವರ ಕೊರಗು. 1966ರಲ್ಲಿ 'ಪೇಪರ್‌ಬ್ಯಾಕ್ ರೈಟರ್' ಹಾಡಿನ ರೆಕಾರ್ಡಿಂಗಿನಲ್ಲಿ ಅಲ್ಲಿನ ಎಂಜಿನಿಯರುಗಳು ಒಂದು ಚಮತ್ಕಾರ ಮಾಡಿದರು. ಬೇಸ್ ಆಂಪಿನ ಸ್ಪೀಕರಿನ ಮುಂದೆ ಮೈಕ್ ಬದಲು ಇನ್ನೊಂದು ದೊಡ್ಡ ಸ್ಪೀಕರನ್ನೇ ತಂದಿಟ್ಟು ಅದನ್ನು ಮೈಕಿನ ಹಾಗೆ ಬಳಸಿದರು. ಸ್ಪೀಕರೂ ಮೈಕೂ ಮೂಲದಲ್ಲಿ ಒಂದೇ ಯಂತ್ರ, ಒಂದು ವಿದ್ಯುತ್ತನ್ನು ಅಲುಗಾಟ ಮಾಡುತ್ತೆ, ಇನ್ನೊಂದು ಅಲುಗಾಟವನ್ನು ವಿದ್ಯುತ್ತು ಮಾಡುತ್ತೆ. ದೊಡ್ಡ ಶಂಕು ದೊಡ್ಡ ಅಲೆಯನ್ನು ಹಿಡಿಯಿತು.

ಬೀಟಲ್ಸ್‌ನವರು ಹೊಟ್ಟೆಕಿಚ್ಚು ಪಡುತ್ತಿದ್ದ ಆ ಅಮೆರಿಕಾದ ತಟ್ಟೆಗಳಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯವು ಮುಖ್ಯ. ಬೆರ್ರಿ ಗಾರ್ಡಿ 1959ರಲ್ಲಿ ವೆಸ್ಟ್ ಗ್ರಾಂಡ್ ಬುಲೆವಾರ್ಡಿನ ಒಂದು ಸಾಮಾನ್ಯ ಮನೆ ಕೊಂಡು ಅದನ್ನೇ ಸ್ಟುಡಿಯೋ ಮಾಡಿದ್ದ. ಆ ಇಕ್ಕಟ್ಟಾದ ಸ್ಟುಡಿಯೋಗೆ ವಾದಕರು ಇಟ್ಟ ಅಡ್ಡಹೆಸರು ಸ್ನೇಕ್‌ಪಿಟ್, ಅಂದ್ರೆ ಹಾವಿನ ಹೊಂಡ. ಅಷ್ಟು ಸಣ್ಣ ಜಾಗದಲ್ಲಿ ಎಲ್ಲರೂ ಆಂಪ್ ಇಟ್ಟು ನುಡಿಸಿದರೆ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಸೇರುತ್ತೆ. ಹಾಗಾಗಿ ಅಲ್ಲಿನ ಎಂಜಿನಿಯರ್ ಮೈಕ್ ಮೆಕ್ಲೀನ್ ಗಿಟಾರು, ಬೇಸುಗಳನ್ನು ಆಂಪ್ ಇಲ್ಲದೆ ತಂತಿಯಿಂದ ನೇರವಾಗಿ ರೆಕಾರ್ಡಿಂಗ್ ಕನ್ಸೋಲಿಗೆ ಜೋಡಿಸೋ ವ್ಯವಸ್ಥೆ ಮಾಡಿದ.

ನೇರ ಜೋಡಿಸೋದು ಹೇಳಿದಷ್ಟು ಸುಲಭ ಅಲ್ಲ. ಪಿಕಪ್ ಅನ್ನೋದು ಸಣ್ಣ ಒರತೆಯಿದ್ದ ಹಾಗೆ. ಒರತೆಗೆ ಐದು ಎಚ್‌ಪಿ ಮೋಟರ್ ಇಟ್ಟು ಎಳೆದರೆ ಬರೀ ಕೆಸರು ಬರುತ್ತೆ. ನಿಧಾನಕ್ಕೆ, ಚೂರೇ ಚೂರು ಎಳೆಯೋ ಸರ್ಕ್ಯೂಟು ಮುಂದಿದ್ದರೆ ಮಾತ್ರ ತಿಳಿನೀರು. ಇವತ್ತು ಮನೆಯಲ್ಲಿಡೋ ಇಂಟರ್‌ಫೇಸಿನ ಮೇಲೆ ಇನ್‌ಸ್ಟ್ರುಮೆಂಟ್ ಅಂತ ಬರೆದ ಸಣ್ಣ ಬಟನ್ ಒಂದಿರುತ್ತೆ. ಅದನ್ನು ಒತ್ತಿದಾಗ ಆಗೋದು ಇಷ್ಟೇ. ಅದರ ಹಿಂದೆ ಡೆಟ್ರಾಯಿಟಿನ ಆ ಮನೆಯಂಥ ಜಾಗಗಳಲ್ಲಿ ಮಾಡಿದ ಕೈಕೆಲಸವಿದೆ.

ಆ ಹಾವಿನ ಹೊಂಡದಲ್ಲಿ ಬೇಸ್ ನುಡಿಸುತ್ತಿದ್ದವನು ಜೇಮ್ಸ್ ಜೇಮರ್ಸನ್. ದಕ್ಷಿಣ ಕೆರೊಲಿನಾದಲ್ಲಿ 1936ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಡೆಟ್ರಾಯಿಟಿಗೆ ಬಂದು, ಅಲ್ಲಿನ ಹೈಸ್ಕೂಲಿನಲ್ಲಿ ಡಬಲ್ ಬೇಸ್ ಕಲಿತವನು. ರಾತ್ರಿ ಜಾಜ್ ಕ್ಲಬ್ಬು, ಹಗಲು ಮೋಟೌನು. ಅವನ ಸಲಕರಣೆ ಎಷ್ಟು? 1962ರ ಒಂದು ಪ್ರಿಸಿಷನ್ ಬೇಸ್, ಕ್ಲಬ್ಬಿಗೆ ಒಂದು ಆಂಪೆಗ್ ಬಿ-15. ಸ್ಟುಡಿಯೋದಲ್ಲಿ ಅದೂ ಇಲ್ಲ, ನೇರ ಕನ್ಸೋಲಿಗೆ. ತಂತಿಗಳು ದಪ್ಪ, ಮೇಲ್ಮೈ ನುಣುಪಾದ ಫ್ಲಾಟ್‌ವೂಂಡ್. ತುಂಡಾಗುವವರೆಗೆ ಬದಲಾಯಿಸುತ್ತಿರಲಿಲ್ಲ. ಸ್ವರ ಹೆಚ್ಚು ಹೊತ್ತು ಗುಂಯ್‌ಗುಡದ ಹಾಗೆ ತಂತಿಯ ಬುಡದಲ್ಲಿ ಒಂದು ತುಂಡು ಸ್ಪಂಜು. ಬಲಗೈಯಲ್ಲಿ ತೋರುಬೆರಳು ಒಂದೇ! ಆ ಬೆರಳಿಗೆ ಕೊಕ್ಕೆ ಅಂತಲೇ ಹೆಸರು ಬಿತ್ತು. ತಂತಿ ಕತ್ತಿನಿಂದ ಎಷ್ಟು ಎತ್ತರದಲ್ಲಿತ್ತೆಂದರೆ ಬೇರೆಯವರಿಗೆ ಅದನ್ನು ಒತ್ತಿ ನುಡಿಸೋದೇ ಕಷ್ಟವಿತ್ತಂತೆ.

ಈ ಒಂದು ಬೆರಳು 1964ರ 'ಮೈ ಗರ್ಲ್' ಹಾಡಿನ ಶುರುವಿನಲ್ಲಿದೆ, 1967ರ 'ಬರ್ನಡೆಟ್'ನಲ್ಲಿದೆ, ಆ ದಶಕದ ಲೆಕ್ಕವಿಲ್ಲದಷ್ಟು ಮೋಟೌನ್ ಹಾಡುಗಳಲ್ಲಿದೆ. ಜೇಮರ್ಸನ್ ಬರೀ ತಾಳ ಹಿಡಿದು ಕೂರುವವನಲ್ಲ. ಹಾಡುವವರು ಒಂದು ಸಾಲು ಹೇಳಿ ಉಸಿರೆಳೆಯುವ ಹೊತ್ತಿಗೆ ಕೆಳಗಿನಿಂದ ಬಂದು ಒಂದು ಮಾತು ಸೇರಿಸಿ ಹೋಗುವವನು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತನ್ನ ನುಡಿಸಾಣಿಕೆಯ ಮೇಲೆ ಪ್ರಭಾವ ಬೀರಿದವರಲ್ಲಿ ಜೇಮರ್ಸನ್ ಒಬ್ಬ ಅಂತ ಹೇಳಿದ್ದಾನೆ.

ಈಗ ಒಂದು ಪ್ರಶ್ನೆ ಬರಬೇಕು. ಆ ಕಾಲದ ಜನ ಈ ಹಾಡುಗಳನ್ನು ಕೇಳಿದ್ದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ, ಕಾರಿನ ಸ್ಪೀಕರಿನಲ್ಲಿ. ಅಂಗೈಯಗಲದ ಸ್ಪೀಕರಿನಲ್ಲಿ 41 ಹರ್ಟ್ಜ್ ಬರೋದೇ ಇಲ್ಲ. ಹಾಗಾದರೆ ಅವರಿಗೆ ಬೇಸ್ ಹೇಗೆ ಕೇಳಿಸಿತು? ಉತ್ತರ ನಮ್ಮ ತಲೆಯೊಳಗಿದೆ. ತಂತಿ ಮೀಟಿದಾಗ 41ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಅಂದರೆ 82, 123, 164 ಹರ್ಟ್ಜ್ ಸ್ವರಗಳೂ ಹೊರಡುತ್ತವೆ. ಸಣ್ಣ ಸ್ಪೀಕರು ಮೇಲಿನವನ್ನು ಮಾತ್ರ ಕೊಡುತ್ತೆ. ಮಿದುಳು ಅವುಗಳ ನಡುವಿನ ಅಂತರ ನೋಡಿ, ಇದರ ತಾಯಿಸ್ವರ 41 ಇರಬೇಕು ಅಂತ ತಾನೇ ತುಂಬಿಕೊಳ್ಳುತ್ತೆ. ಮೋಟೌನಿನವರು ಹಾಡು ಹೊರಬಿಡುವ ಮುಂಚೆ ಕಾರಿನ ರೇಡಿಯೋದಂಥ ಸಣ್ಣ ಸ್ಪೀಕರಿನಲ್ಲಿ ಕೇಳಿ ನೋಡುತ್ತಿದ್ದರು ಅಂತಾರೆ. ನಮ್ಮ ಹಳ್ಳಿಗಳ ಕಟ್ಟೆ ಮೇಲೆ ಒಂದೇ ಒಂದು ರೇಡಿಯೋ ಸುತ್ತ ಕೂತು ಚಿತ್ರಗೀತೆ ಕೇಳಿದವರೂ ಹೀಗೇ, ರೇಡಿಯೋ ಕೊಡದೇ ಇದ್ದ ಸ್ವರವನ್ನು ತಾವೇ ಕಟ್ಟಿಕೊಂಡು ತಲೆದೂಗಿದವರು.

ಇನ್ನು ಮೂರನೇ ಸಾಮಾನು, ಮನೆಯಲ್ಲೇ ರೆಕಾರ್ಡಿಂಗ್. ಒಬ್ಬನೇ ಮನುಷ್ಯ ಮನೆಯಲ್ಲಿ ಕೂತು ಒಂದರ ಮೇಲೊಂದು ವಾದ್ಯ ಪೇರಿಸೋದನ್ನು ಗಿಟಾರ್ ವಾದಕ ಲೆಸ್ ಪಾಲ್ 1950ರ ಹೊತ್ತಿಗೇ ಮಾಡಿ ತೋರಿಸಿದ್ದ. ಆದರೆ ಅಂಥ ಯಂತ್ರ ಸಾಮಾನ್ಯರ ಕೈಗೆ ಸಿಗುವಂಥದ್ದಲ್ಲ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೋ 144 ಅನ್ನೋ ಪೆಟ್ಟಿಗೆ ಬಿಟ್ಟಿತು. ನಾವು ನೀವು ಹಾಡು ಕೇಳುತ್ತಿದ್ದ ಅದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್. ಉಪಾಯ ಸರಳ. ಕ್ಯಾಸೆಟ್ಟಿನ ಟೇಪಿನಲ್ಲಿ ಎ ಕಡೆಗೆ ಎರಡು, ಬಿ ಕಡೆಗೆ ಎರಡು ಗೆರೆಗಳಲ್ಲಿ ಸದ್ದು ಕೂತಿರುತ್ತೆ. ಕ್ಯಾಸೆಟ್ ತಿರುವಿ ಹಾಕದೆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿಕೊಂಡರೆ ನಾಲ್ಕು ಟ್ರ್ಯಾಕ್ ಆಯ್ತು. ಗುಣಮಟ್ಟಕ್ಕೆ ಟೇಪನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರು. ಹಾಗಾಗಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ 15 ನಿಮಿಷ ಮಾತ್ರ ಹಿಡಿಯುತ್ತಿತ್ತು.

ನಾಲ್ಕು ಸಾಲದಿದ್ದರೆ? ಮೂರು ಟ್ರ್ಯಾಕ್ ತುಂಬಿ, ಮೂರನ್ನೂ ಕಲಸಿ ನಾಲ್ಕನೆಯದಕ್ಕೆ ಹಾಕಿ, ಮೊದಲ ಮೂರನ್ನು ಅಳಿಸಿ ಮತ್ತೆ ತುಂಬೋದು. ಪ್ರತಿ ಸಲವೂ ಟೇಪಿನ ಸುಯ್ ಸದ್ದು ಜಾಸ್ತಿಯಾಗುತ್ತೆ, ಕಲಸಿದ್ದನ್ನು ಮತ್ತೆ ಬಿಡಿಸೋಕಾಗಲ್ಲ. ಅಂದರೆ ಬೇಸ್ ಎಷ್ಟಿರಬೇಕು ಅನ್ನೋದನ್ನು ಹಾಡು ಇನ್ನೂ ಅರ್ಧ ಇರುವಾಗಲೇ ತೀರ್ಮಾನ ಮಾಡಬೇಕು. ಅಂಡೂ ಬಟನ್ ಒತ್ತಿ ಬದುಕೋ ನಮ್ಮಂಥವರಿಗೆ ಆ ಧೈರ್ಯ ಊಹಿಸೋದೂ ಕಷ್ಟ.

1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯಲ್ಲಿ ಈ ಪೋರ್ಟಾಸ್ಟುಡಿಯೋ ಇಟ್ಟುಕೊಂಡು, ಬ್ಯಾಂಡಿಗೆ ಕೇಳಿಸೋಕೆ ಅಂತ ಹಾಡುಗಳ ಕರಡು ಮಾಡಿದ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಇಡೀ ಬ್ಯಾಂಡಿನ ಜೊತೆ ಪ್ರಯತ್ನಿಸಿದರೂ ಕರಡಿನ ಜೀವ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ 'ನೆಬ್ರಾಸ್ಕ' ಅನ್ನೋ ಆಲ್ಬಮ್ಮಾಗಿ ಅದೇ ವರ್ಷ ಹೊರಬಂತು. ಮನೆ ರೆಕಾರ್ಡಿಂಗಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಅದು. ಅದರಲ್ಲಿ ಬ್ಯಾಂಡಿನ ಡ್ರಮ್ಮರೂ ಇಲ್ಲ, ಬೇಸಿನವನೂ ಇಲ್ಲ. ಒಬ್ಬನೇ ಎಲ್ಲವನ್ನೂ ಮಾಡೋಕಾಗುತ್ತೆ ಅಂದಾಗ ಮೊದಲು ಮನೆಗೆ ಹೋಗುವವರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ.

ಆಮೇಲೆ ಕಂಪ್ಯೂಟರ್ ಬಂತು. ಇದು ನನ್ನ ಸೀಮೆ. ಡಿಜಿಟಲ್ ರೆಕಾರ್ಡಿಂಗ್ ಅಂದ್ರೆ ಸೆಕೆಂಡಿಗೆ 44,100 ಅಥವಾ 48,000 ಸಲ ಸದ್ದಿನ ಎತ್ತರ ಅಳೆದು ಬರೆದಿಡೋದು. ಕಂಪ್ಯೂಟರು ಅಳತೆಗಳನ್ನು ಒಂದೊಂದಾಗಿ ತೆಗೆದುಕೊಳ್ಳಲ್ಲ, ಬುಟ್ಟಿ ತುಂಬಿದ ಮೇಲೆ ಎತ್ತುತ್ತೆ. ಬುಟ್ಟಿಗೆ 256 ಅಳತೆ ಹಿಡಿದರೆ, 48,000ದ ಲೆಕ್ಕದಲ್ಲಿ 5.3 ಮಿಲಿಸೆಕೆಂಡ್ ತಡ. ಒಳಗೆ ಬರೋಕೆ ಒಮ್ಮೆ, ಹೊರಗೆ ಹೋಗೋಕೆ ಒಮ್ಮೆ, ಒಟ್ಟು ಹತ್ತು ಚಿಲ್ಲರೆ. ಇದಕ್ಕೆ ತಲೆ ಕೆಡಿಸಿಕೊಳ್ಳೋರು ಬಹಳ. ಆದರೆ ಸದ್ದು ಗಾಳಿಯಲ್ಲಿ ಒಂದು ಮೀಟರ್ ಹೋಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಈ ತಡ, ಆಂಪಿನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದ್ದಕ್ಕೆ ಸಮ. ವೇದಿಕೆ ಮೇಲೆ ಎಲ್ಲರೂ ಅಷ್ಟು ದೂರ ನಿಂತೇ ನುಡಿಸಿದ್ದಾರೆ.

ಬೇಸಿಗೆ ಇನ್ನೊಂದು ತಡವಿದೆ, ಅದನ್ನು ಯಾವ ಪ್ರೊಸೆಸರೂ ತೆಗೆಯಲಾರದು. 41 ಹರ್ಟ್ಜಿನ ಒಂದು ಸುತ್ತು ಮುಗಿಯೋಕೇ 24 ಮಿಲಿಸೆಕೆಂಡ್ ಬೇಕು. ಒಂದೆರಡು ಸುತ್ತಾದರೂ ನೋಡದೆ ಇದು ಯಾವ ಸ್ವರ ಅಂತ ಹೇಳೋಕಾಗಲ್ಲ. ಮೊಬೈಲಿನ ಟ್ಯೂನರ್ ಆಪು ದಪ್ಪ ತಂತಿ ಗುರುತಿಸೋಕೆ ತಡವರಿಸೋದು ಇದಕ್ಕೇ. ಮಂದ್ರ ಸ್ವರಕ್ಕೆ ಅದರದೇ ಒಂದು ನಿಧಾನವಿದೆ. ಕೋಡ್ ಬರೆದು ಅದನ್ನು ಅವಸರಪಡಿಸೋಕಾಗಲ್ಲ.

ಆಂಪ್ ಕೂಡ ಹೀಗೇ ಕೋಡಾಯಿತು. 1989ರಲ್ಲಿ ಸಾನ್ಸ್‌ಆಂಪ್ ಅನ್ನೋ ಸಣ್ಣ ಪೆಟ್ಟಿಗೆ ಟ್ಯೂಬ್ ಆಂಪಿನ ಗುಣವನ್ನು ಟ್ಯೂಬಿಲ್ಲದೆ ಅನುಕರಿಸಿತು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಅದನ್ನೇ ಗಣಿತದಲ್ಲಿ ಮಾಡಿತು. ಈಗ ಆಂಪೆಗ್ ಬಿ-15 ಕೂಡ ಸಾಫ್ಟ್‌ವೇರಾಗಿ ಸಿಗುತ್ತೆ. ಜೇಮರ್ಸನ್ನನ ಸದ್ದು ಬೇಕು ಅಂತ ಅದನ್ನು ಕೊಳ್ಳುವವರಿದ್ದಾರೆ. ಅವನೋ ಸ್ಟುಡಿಯೋದಲ್ಲಿ ಆ ಆಂಪ್ ಬಿಟ್ಟು ನೇರವಾಗಿ ನುಡಿಸಿದವನು. ಆ ಸದ್ದು ಇದ್ದದ್ದು ಹಳೇ ತಂತಿಯಲ್ಲಿ, ಸ್ಪಂಜಿನ ತುಂಡಿನಲ್ಲಿ, ಒಂದು ಬೆರಳಿನಲ್ಲಿ.

ಆ ಮನುಷ್ಯನಿಗೇನಾಯಿತು? ಮೋಟೌನ್ ತಟ್ಟೆಗಳ ಮೇಲೆ ವರ್ಷಗಟ್ಟಲೆ ವಾದಕರ ಹೆಸರೇ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನ ಮೇಲೆ ವಾದಕರ ಹೆಸರು ಹಾಕಿಸಿದಾಗ ಜೇಮರ್ಸನ್ ಅನ್ನೋ ಹೆಸರು ಅಚ್ಚಾಯಿತು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಜೇಮರ್ಸನ್ನೂ ಹಿಂದೆ ಹೋದ. ಅಲ್ಲಿ ಕಾಲ ಬದಲಾಗಿತ್ತು. ಹೊಸ ಮಿನುಗುವ ತಂತಿ, ಹೊಸ ಥರದ ನುಡಿಸಾಣಿಕೆ ಕೇಳುವವರಿಗೆ ಹಳೇ ತಂತಿಯವನು ಬೇಡವಾದ. ಕುಡಿತವೂ ಇತ್ತು. 1983ರ ಮಾರ್ಚಿನಲ್ಲಿ ಮೋಟೌನಿನ 25ನೇ ವರ್ಷಕ್ಕೆ ದೊಡ್ಡ ಟಿವಿ ಸಮಾರಂಭ ನಡೆದಾಗ ಅವನಿಗೆ ವೇದಿಕೆ ಮೇಲೆ ಜಾಗವಿರಲಿಲ್ಲ. ಪ್ರೇಕ್ಷಕರ ನಡುವೆ ಕೂತು ನೋಡಿ ಬಂದ ಅಂತ ಅವನ ಬಗ್ಗೆ ಬರೆದವರು ಹೇಳುತ್ತಾರೆ. ಅದೇ ವರ್ಷ ಆ 1962ರ ಬೇಸ್ ಕಳುವಾಯಿತು. ಅದಾದ ಕೆಲವೇ ದಿನಕ್ಕೆ, ಆಗಸ್ಟ್ 2ರಂದು, 47ನೇ ವಯಸ್ಸಿಗೆ ಜೇಮರ್ಸನ್ ತೀರಿಕೊಂಡ. ಆ ವಾದ್ಯ ಮತ್ತೆ ಸಿಗಲಿಲ್ಲ.

ಮೆಕಾರ್ಟ್ನಿಯ ಬೇಸೂ ಕಳುವಾಗಿತ್ತು. 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಪಿಟೀಲಿನಾಕಾರದ ಹಾಫ್ನರ್, 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕದ್ದಿದ್ದರು. ಅದನ್ನು ಹುಡುಕೋಕೆ ಅಭಿಮಾನಿಗಳು, ಪತ್ರಕರ್ತರು ಸೇರಿ ಅಭಿಯಾನವನ್ನೇ ಮಾಡಿದರು. ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಐವತ್ತು ವರ್ಷ ದಾಟಿದ ಮೇಲೆ ವಾದ್ಯ ಒಡೆಯನ ಕೈ ಸೇರಿದ್ದನ್ನು 2024ರಲ್ಲಿ ಜಗತ್ತಿಗೆಲ್ಲ ಹೇಳಿದರು. ಸಂತೋಷವೇ. ಆದರೆ ಎರಡು ಕಳ್ಳತನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹೆಸರಿದ್ದವನ ವಾದ್ಯವನ್ನು ಊರೇ ಹುಡುಕುತ್ತೆ ಅನ್ನಿಸದೇ ಇರಲ್ಲ.

ಹೆಸರು ತಡವಾಗಿ ಬಂತು. 1989ರಲ್ಲಿ ಅಲನ್ ಸ್ಲಟ್ಸ್ಕಿ ಜೇಮರ್ಸನ್ ಬಗ್ಗೆ ಪುಸ್ತಕ ಬರೆದ. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರಿಗೆಂದೇ ಹೊಸ ವಿಭಾಗ ತೆರೆದು ಮೊದಲ ತಂಡದಲ್ಲೇ ಅವನನ್ನು ಸೇರಿಸಿತು. 2002ರಲ್ಲಿ ಮೋಟೌನ್ ವಾದಕರ ಮೇಲೆ ಸಾಕ್ಷ್ಯಚಿತ್ರ ಬಂತು.

ಇದೆಲ್ಲ ಅಮೆರಿಕಾದ ಮಾತು ಅಂತ ಬಿಡೋಕೆ ನನಗಾಗಲ್ಲ. ಶಂಕರ್‌ನಾಗ್ ಅವರ 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಅವರು ಕೊಟ್ಟ ಹಾಡುಗಳನ್ನು ಒಳ್ಳೇ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ. ಮಾತು, ದನಿ, ಕೊಳಲು ಎಲ್ಲಾ ಪಕ್ಕಕ್ಕಿಟ್ಟು ಕೆಳಗೆ ಓಡಾಡೋ ದಪ್ಪ ತಂತಿಯನ್ನೇ ಹಿಂಬಾಲಿಸಿ. ಅಲ್ಲೊಂದು ಬೇರೆ ಹಾಡೇ ಇದೆ. ನಮ್ಮ ಕ್ಯಾಸೆಟ್ಟುಗಳ ಒಳಕಾಗದದಲ್ಲಿ ಸಂಗೀತ ನಿರ್ದೇಶಕರ ಹೆಸರು, ಸಾಹಿತ್ಯ ಬರೆದವರ ಹೆಸರು, ಹಾಡಿದವರ ಹೆಸರು ಇರುತ್ತಿತ್ತು. ಬೇಸ್ ನುಡಿಸಿದವರದ್ದಿರಲಿ, ಪಿಟೀಲು ನುಡಿಸಿದವರದ್ದೂ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಜಾಗ ಸಾಲದು ಅನ್ನೋ ನೆಪ ಕ್ಯಾಸೆಟ್ಟಿಗಿತ್ತು, ಒಪ್ಪೋಣ. ಎಂಪಿ3 ಫೈಲಿಗೆ ಆ ನೆಪವಿಲ್ಲ. ಹಾಡಿನ ಫೈಲಿನೊಳಗೆ ವಿವರ ಬರೆದಿಡೋಕೆ ಐಡಿ3 ಅನ್ನೋ ಒಂದು ಪದ್ಧತಿ ಇದೆ. ಅದರ 2000ನೇ ಇಸವಿಯ ಆವೃತ್ತಿಯಲ್ಲಿ ಟಿಎಂಸಿಎಲ್ ಅನ್ನೋ ಒಂದು ಖಾನೆ ಇಟ್ಟಿದ್ದಾರೆ. ಆ ಖಾನೆ ಇರೋದೇ ಯಾವ ವಾದ್ಯ, ಯಾರು ನುಡಿಸಿದ್ದು ಅಂತ ಬರೆಯೋಕೆ. ನನ್ನ ಫೋನಿನಲ್ಲಿರೋ ಕನ್ನಡ ಹಾಡುಗಳನ್ನೆಲ್ಲ ಒಂದು ಪುಟ್ಟ ಪ್ರೋಗ್ರಾಮ್ ಬರೆದು ತಡಕಾಡಿದೆ. ಒಂದರಲ್ಲೂ ಆ ಖಾನೆ ತುಂಬಿಲ್ಲ.

ಮದ್ರಾಸಿನ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನುಡಿಸಿದವರು ಈಗ ವಯಸ್ಸಾದವರು. ಯಾರ ಮನೆಯ ಪಕ್ಕದಲ್ಲೋ, ಯಾರ ಸೋದರಮಾವನೋ ಆಗಿ ಇದ್ದಾರೆ. ನಿಮಗೆ ಅಂಥವರು ಗೊತ್ತಿದ್ದರೆ ಒಮ್ಮೆ ಹೋಗಿ, ಯಾವ ಹಾಡು, ಯಾವ ಬೇಸ್, ಯಾವ ಆಂಪ್, ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಖಾನೆ ತುಂಬೋ ಪ್ರೋಗ್ರಾಮನ್ನ ನಾನು ಬರೆದುಕೊಡ್ತೀನಿ, ಅದು ಅರ್ಧ ದಿನದ ಕೆಲಸ. ಅವರಿಂದ ಹೆಸರು ಕೇಳಿ ತರೋದಕ್ಕೆ ಮಾತ್ರ ನಮಗೆ ಜಾಸ್ತಿ ದಿನ ಉಳಿದಿಲ್ಲ.